ಮುದ್ದೆ ನುಂಗಿ ಮುಚ್ಚಿಟ್ಟ ಹಲ್ಲು

ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಕೆನ್ನೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತದೆ. ಹದಿನಾಲ್ಕು ವರ್ಷದಿಂದ ನಾನು ಚಿತ್ರದುರ್ಗದ ಒಬ್ಬ ಡಾಕ್ಟ್ರಮ್ಮನ ಹತ್ತಿರ ಸಹಾಯಕಿ. ವಾರದಲ್ಲಿ ಮೂರು ದಿನ ದುರ್ಗದಲ್ಲಿ, ಉಳಿದಂತೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗೆ ಒಂದೊಂದು ದಿನ. ಡಾಕ್ಟ್ರಮ್ಮ ಕಾರು ಓಡಿಸುತ್ತಾರೆ, ನಾನು ಸಲಕರಣೆಯ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂರುತ್ತೇನೆ.

ಬಂದವರನ್ನು ಮೊದಲು ವಿಚಾರಿಸುವವಳು ನಾನೇ. ತಣ್ಣೀರು ಕುಡಿದರೆ ಜುಂ ಅಂದು ಅಲ್ಲಿಗೇ ನಿಲ್ಲುತ್ತಾ, ಇಲ್ಲ ಲೋಟ ಕೆಳಗಿಟ್ಟ ಮೇಲೂ ಎಳೆಯುತ್ತಾ? ಕಚ್ಚಿದರೆ ನೋವಾ? ಸುಮ್ಮನೆ ಮಲಗಿದ್ದರೂ ತಾನಾಗೇ ಟಕ್ ಟಕ್ ಅಂತ ಬಡಿಯುತ್ತಾ? ವಸಡು ಊದಿದೆಯಾ? ಹಲ್ಲಿನ ಬಣ್ಣ ತಿರುಗಿದೆಯಾ? ಇದರಲ್ಲಿ ಎರಡು ಮೂರಕ್ಕೆ ಹೌದು ಅಂದರೆ ಕೆಡುಕು ಬೇರಿನವರೆಗೆ ಇಳಿದಿರಬೇಕು ಎಂದು ನನಗೇ ಅನುಮಾನ ಬರುತ್ತದೆ. ರೂಟ್ ಕೆನಾಲ್ ಬೇಕಾಗಬಹುದು, ತಡ ಮಾಡಿದರೆ ಹಲ್ಲೇ ಕೈಬಿಡುತ್ತದೆ ಎಂದು ಡಾಕ್ಟ್ರಮ್ಮ ಹೇಳುವುದಕ್ಕೆ ಮೊದಲೇ ನಾನು ಹೇಳಿ ಮುಗಿಸಿರುತ್ತೇನೆ.

ಇಂಥ ನನ್ನ ಬಾಯಲ್ಲೇ ಎಡಗಡೆಯ ಕೆಳಗಿನ ದವಡೆ ಹಲ್ಲು ಎಂಟು ತಿಂಗಳು ಕೆಟ್ಟು ಕೂತಿತ್ತು. ಯಾರಿಗೂ ಹೇಳಲಿಲ್ಲ. ಕಾರಣ ಒಂದೇ, ಹೆದರಿಕೆ. ಕುರ್ಚಿಯಲ್ಲಿ ಮಲಗಿದವರಿಗೆ ಕಾಣುವುದು ತಲೆಯ ಮೇಲಿನ ದೀಪ ಮಾತ್ರ. ಸೂಜಿಗಳನ್ನು ಉದ್ದ ನೋಡಿ ಜೋಡಿಸಿಡುವವಳು ನಾನು. ಯಾವುದು ಎಲ್ಲಿ ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಎಂದು ಕಣ್ಣಾರೆ ಕಂಡವಳು. ಹೋಟೆಲಿನ ಅಡುಗೆಮನೆ ನೋಡಿದವರಿಗೆ ಅಲ್ಲಿಯ ಊಟ ಇಳಿಯುವುದಿಲ್ಲವಲ್ಲ, ಹಾಗೆ.

ಎಂಟು ತಿಂಗಳು ನನ್ನ ಗುಟ್ಟು ಕಾದದ್ದು ರಾಗಿ ಮುದ್ದೆ. ಡಾಕ್ಟ್ರಮ್ಮ ವಿಜಯಪುರದ ಕಡೆಯವರು, ಜೋಳದ ರೊಟ್ಟಿ ಅಗಿದು ಬೆಳೆದವರು. ಅವರು ಯಾವಾಗಲೂ ಹೇಳುತ್ತಾರೆ: "ನಿಮ್ಮ ಮಂದಿ ಮುದ್ದಿ ನುಂಗತೀರಿ. ಹಲ್ಲು ಕೆಟ್ಟದ್ದು ಗೊತ್ತಾಗೂದರಾಗ ವರ್ಷ ಆಗಿರ್ತದ. ನಮ್ಮ ಕಡೆ ಆದ್ರ ಒಂದ್ ರೊಟ್ಟಿಗೇ ಸಿಕ್ಕಬೀಳತೀರಿ." ಅವರ ಎದುರಿಗೇ ಕೂತು ನಾನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಗುಳುಕ್ಕನೆ ನುಂಗಿ, "ಹೌದ್ರೀ ಡಾಕ್ಟ್ರಮ್ಮ" ಅನ್ನುತ್ತಿದ್ದೆ.

ಸುಳ್ಳು ಹೇಳದ ಕಾಲು

ಹಿರಿಯೂರಿನಲ್ಲಿ ಒಬ್ಬ ಬಸ್ ಕಂಡಕ್ಟರ್ ಬಂದರು. ಗಟ್ಟಿ ಆಳು, ಗಟ್ಟಿ ದನಿ. ಡಾಕ್ಟ್ರಮ್ಮ ಇಂಥವರಿಗೆ ಮಾಡುವ ಒಂದು ಪರೀಕ್ಷೆ ಇದೆ. ಚಿಕ್ಕ ಹತ್ತಿಯ ಉಂಡೆಯನ್ನು ಮಂಜಿನಷ್ಟು ತಣ್ಣಗೆ ಮಾಡಿ ಹಲ್ಲಿಗೆ ಮುಟ್ಟಿಸುತ್ತಾರೆ. ಜುಂ ಅನ್ನುವಷ್ಟು ಹೊತ್ತು ಕೈ ಎತ್ತಿರಬೇಕು, ನಿಂತ ಕೂಡಲೇ ಇಳಿಸಬೇಕು. ಒಳ್ಳೆಯ ಹಲ್ಲಾದರೆ ಹತ್ತಿ ತೆಗೆದ ಸ್ವಲ್ಪ ಹೊತ್ತಿಗೇ ಕೈ ಇಳಿಯುತ್ತದೆ. ಒಳಗಿನ ನರ ಕೆಟ್ಟಿದ್ದರೆ ಹತ್ತಿ ತೆಗೆದ ಮೇಲೂ ಕೈ ಮೇಲೇ ಇರುತ್ತದೆ.

ಕಂಡಕ್ಟರ್ ಹೊರಗೆ ಕೂತಾಗ ಪಕ್ಕದವರಿಂದ ಈ ವಿಷಯವನ್ನೆಲ್ಲ ಸಂಗ್ರಹ ಮಾಡಿಕೊಂಡಿದ್ದರು. ಕೈ ಬೇಗ ಇಳಿಸಿದರೆ ರೂಟ್ ಕೆನಾಲ್ ಇಲ್ಲ ಎನ್ನುವಷ್ಟನ್ನು ಮಾತ್ರ ತಲೆಯಲ್ಲಿಟ್ಟುಕೊಂಡು ಒಳಗೆ ಬಂದರು. ಡಾಕ್ಟ್ರಮ್ಮ ಹತ್ತಿ ಮುಟ್ಟಿಸಿದರು. ಕೈ ಎದ್ದಿತು, ತಕ್ಷಣ ಇಳಿಯಿತು.

"ನೋವು ಹೋತೇನ್ರಿ?"

"ಹೋತು ಡಾಕ್ಟ್ರೇ. ಬಂದಿದ್ದೇ ಗೊತ್ತಾಗ್ಲಿಲ್ಲ."

ಹೇಳುವಾಗ ಅವರ ಎರಡು ಕಣ್ಣಿಂದಲೂ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು. ಡಾಕ್ಟ್ರಮ್ಮ ನನಗೆ ಕಾಲಿನ ಕಡೆ ಕಣ್ಸನ್ನೆ ಮಾಡಿದರು. ನೋಡಿದೆ. ಎರಡೂ ಪಾದ ಕುರ್ಚಿಯಿಂದ ಮೇಲೆದ್ದು, ಹೆಬ್ಬೆರಳು ಸೆಟೆದು, ಒಂದಕ್ಕೊಂದು ಹೆಣೆದುಕೊಂಡು ನಡುಗುತ್ತಿದ್ದವು. ಡಾಕ್ಟ್ರಮ್ಮ ಗೋಡೆಯ ಗಡಿಯಾರ ನೋಡುತ್ತಾ ನಿಂತರು. ಬಹಳ ಹೊತ್ತಾದ ಮೇಲೆ ಕಾಲು ನಿಧಾನಕ್ಕೆ ಕೆಳಗಿಳಿಯಿತು.

"ಕೈ ಸುಳ್ಳು ಹೇಳತದ್ರಿ. ಕಾಲು ಹೇಳಂಗಿಲ್ಲ. ರೂಟ್ ಕೆನಾಲ್ ಆಗಬೇಕು."

ಕಂಡಕ್ಟರ್ ತಲೆ ಎತ್ತಿ ತಮ್ಮ ಕಾಲನ್ನು ಸಿಟ್ಟಿನಿಂದ ನೋಡಿದರು. "ನೋವು ಅಂತ ಹೇಳಿದ್ದು ಕಾಲು ತಾನೇ? ಹಂಗಾದ್ರೆ ಅದಕ್ಕೇ ಮಾಡ್ರಿ."

ನಾನೂ ನಕ್ಕೆ. ನಕ್ಕು ಹೊರಗೆ ಬಂದು ಒಂದು ಗುಟುಕು ನೀರು ಕುಡಿದೆ. ನನ್ನ ಹಲ್ಲು ಮೊದಲ ಸಲ ಎಳೆದದ್ದು ಅವತ್ತೇ. ಲೋಟ ಕೆಳಗಿಟ್ಟೆ, ಎಳೆತ ನಿಲ್ಲಲಿಲ್ಲ. ಅಂದಿನಿಂದ ಬೇಸಿಗೆಯಲ್ಲೂ ಬಿಸಿನೀರಿನ ಫ್ಲಾಸ್ಕು ಹೊತ್ತುಕೊಂಡು ತಿರುಗಿದೆ. ಕೇಳಿದವರಿಗೆ ಗಂಟಲು ಸರಿಯಿಲ್ಲ ಎಂದೆ.

ಕೂಗಿದ್ದು ಯಾರು

ಹೊಳಲ್ಕೆರೆಯಲ್ಲಿ ನಮ್ಮದು ಮಹಡಿಯ ಮೇಲಿನ ಎರಡು ಕೋಣೆ. ಅವತ್ತು ಹೊರಗಿನ ಬೆಂಚುಗಳು ಭರ್ತಿ. ಒಳಗೆ ಕುರ್ಚಿಯಲ್ಲಿ ಒಬ್ಬ ರೈತ, ತೆಂಗಿನ ಮರ ಸರಸರ ಹತ್ತುವವನು, ನಮ್ಮ ಕುರ್ಚಿ ಹತ್ತಲು ಮಾತ್ರ ಹದಿನೈದು ನಿಮಿಷ ತೆಗೆದುಕೊಂಡಿದ್ದ. ಕಚ್ಚಿದರೆ ಯಾವ ಹಲ್ಲು ನೋಯುತ್ತದೆ ಎಂದು ತಿಳಿಯಲು ಒಂದು ಕಡ್ಡಿಯನ್ನು ಒಂದೊಂದೇ ಹಲ್ಲಿನ ಮೇಲಿಟ್ಟು ಕಚ್ಚಿಸಬೇಕು. ಡಾಕ್ಟ್ರಮ್ಮ ಫೋನಿನಲ್ಲಿದ್ದರು, ಕಡ್ಡಿ ನಾನು ಹಿಡಿದಿದ್ದೆ.

"ಮೆಲ್ಲಗೆ ಕಚ್ಚಪ್ಪ" ಎಂದೆ.

ಆತ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಕಡ್ಡಿಯ ಬದಲು ನನ್ನ ಬೆರಳನ್ನು ಕಚ್ಚಿದ. ಗ್ಲೌಸು ಇತ್ತು, ಅಂಥ ಪೆಟ್ಟೇನೂ ಆಗಲಿಲ್ಲ. ಆದರೆ ಗಾಬರಿಯಲ್ಲಿ ನಾನೂ ಹಲ್ಲು ಕಚ್ಚಿಬಿಟ್ಟೆ. ಎಡಗಡೆಯೇ. ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಒಂದು ಕಾದ ತಂತಿ ಎಳೆದ ಹಾಗಾಯಿತು. ನಾನು ಕೂಗಿದ ಕೂಗಿಗೆ ಡಾಕ್ಟ್ರಮ್ಮನ ಕೈಯಿಂದ ಫೋನು ಬಿತ್ತು.

ಅವರು ಓಡಿ ಬಂದು ನನ್ನ ಬೆರಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಗಾಯವೇ ಇಲ್ಲ. ಆದರೂ ಪಾಪ, ಔಷಧಿ ಹಚ್ಚಿ ದಪ್ಪನೆಯ ಪಟ್ಟಿ ಕಟ್ಟಿದರು. ಅಷ್ಟು ಒಳ್ಳೆಯವರಿಗೆ ಸುಳ್ಳು ಹೇಳುತ್ತಿದ್ದೇನಲ್ಲ ಎನ್ನಿಸಿತು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಟ್ರೇಯಲ್ಲಿ ನಾನೇ ಜೋಡಿಸಿಟ್ಟ ಸೂಜಿಗಳು ಕಂಡವು. ಬಾಯಿ ಮುಚ್ಚಿಕೊಂಡೆ.

ಮುಂದಿನವರನ್ನು ಕರೆಯಲು ಹೊರಗೆ ಬಂದರೆ ಬೆಂಚುಗಳು ಖಾಲಿ. ನನ್ನ ಕೂಗನ್ನು ರೋಗಿಯ ಕೂಗು ಎಂದುಕೊಂಡು ಅಷ್ಟೂ ಜನ ಮೆಟ್ಟಿಲಿಳಿದು ಹೋಗಿದ್ದರು. ಒಬ್ಬ ಮಾತ್ರ ಗೋಡೆಗೊರಗಿ ನಿಂತಿದ್ದ. ಇವನೊಬ್ಬನಾದರೂ ಧೈರ್ಯವಂತ ಎನ್ನಿಸಿತು.

"ಬರ್ರಿ, ಒಳಗೆ ಬರ್ರಿ" ಎಂದೆ.

"ನಾನು ಕರೆಂಟ್ ಮೀಟ್ರು ನೋಡಾಕ್ ಬಂದೋನ್ರೀ ಅಕ್ಕ. ಮೀಟ್ರು ಒಳಗೈತಾ?"

"ಹೂಂ, ಒಳಗೇ ಐತೆ."

"ಹಂಗಾದ್ರೆ ಮುಂದಿನ ತಿಂಗ್ಳು ಬರ್ತೀನಿ."

ಜೋಗಿಮಟ್ಟಿಯ ಗಾಳಿ

ಇದು ಮನೆಯ ಕಥೆ. ನಮ್ಮ ಯಜಮಾನರು ಶಾಲೆಯೊಂದರಲ್ಲಿ ಅಟೆಂಡರ್. ಮಾತು ಕಡಿಮೆ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ, ಒಂದು ಭಾನುವಾರ, ಅವರಾಗಿಯೇ "ಜೋಗಿಮಟ್ಟಿಗೆ ಹೋಗಾಣ" ಎಂದರು. ನಾನು ಚಿತ್ರಾನ್ನ ಕಟ್ಟಿಕೊಂಡೆ. ಬೈಕಿನಲ್ಲಿ ಹೋದೆವು.

ಆ ಬೆಟ್ಟದ ಮೇಲೆ ಹತ್ತಿ ನಿಂತರೆ ಬೀಸುವ ಗಾಳಿ ನಿಮಗೆ ಗೊತ್ತಿರಬಹುದು. ನಮ್ಮ ಯಜಮಾನರು ಕೈ ಚಾಚಿ, "ಅಗೋ ನೋಡು, ಎಷ್ಟು ಚೆಂದ ಐತೆ" ಎಂದರು. ಎಷ್ಟು ಚೆಂದ ಎಂದು ಹೇಳಲು ನಾನು ಬಾಯಿ ತೆರೆದೆ. ಗಾಳಿ ನೇರ ಹಲ್ಲಿನ ತೂತಿಗೇ ನುಗ್ಗಿತು. ಉಸಿರು ಕಟ್ಟಿ, ಬಾಯಿ ಮುಚ್ಚಿ, ಸೆರಗು ಒತ್ತಿಕೊಂಡೆ. ಕಣ್ಣೀರು ದಳದಳ ಇಳಿಯಿತು.

ಅವರು ನನ್ನನ್ನೇ ನೋಡಿದರು. ಅವರ ಮುಖ ಒಂದು ಥರ ಆಯಿತು. ಬೆನ್ನ ಮೇಲೆ ಕೈಯಿಟ್ಟು, "ಇಷ್ಟ್ ವರ್ಷ ನಿನ್ನ ಎಲ್ಲಿಗೂ ಕರ್ಕಂಡ್ ಹೋಗ್ಲಿಲ್ಲ. ತಪ್ಪಾತು ಕಣೇ" ಎಂದರು. ಅವರ ಕಣ್ಣಲ್ಲೂ ನೀರು.

ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯ ತಪ್ಪಾಯಿತು ಎಂದದ್ದು ಅದೊಂದೇ ಸಲ. ಹಲ್ಲುನೋವು ಎಂದು ಹೇಳಿ ಅದನ್ನು ಹಾಳು ಮಾಡಲು ಮನಸ್ಸು ಬರಲಿಲ್ಲ. ಆಮೇಲೆ ಮೂರು ಭಾನುವಾರ ಬಿಡದೆ ಅಲ್ಲಿಗೇ ಕರೆದುಕೊಂಡು ಹೋದರು.

ಸೂತಕ ಎಷ್ಟು ದಿನ

ಅದಾಗಿ ಕೆಲವು ದಿನಕ್ಕೆ ನನ್ನ ನೋವು ಇದ್ದಕ್ಕಿದ್ದಂತೆ ನಿಂತಿತು. ತಣ್ಣೀರಿಗೂ ಇಲ್ಲ, ಗಾಳಿಗೂ ಇಲ್ಲ. ಇದರ ಅರ್ಥ ಏನಿರಬಹುದು ಎಂದು ಹದಿನಾಲ್ಕು ವರ್ಷದ ಅನುಭವದವಳಿಗೆ ಗೊತ್ತಿರಬೇಕು, ಗೊತ್ತಿತ್ತು. ಆದರೂ ಮನೆದೇವರಿಗೆ ತೆಂಗಿನಕಾಯಿ ಒಡೆಸಿ ಬಂದೆ.

ಆ ವಾರವೇ ಹೊಸದುರ್ಗಕ್ಕೆ ತೋಟದ ಮನೆಯ ಯಜಮಾನಿಯೊಬ್ಬರು ಬಂದರು. ತಮ್ಮ ಹಲ್ಲಿಗಲ್ಲ, ಸೊಸೆಯ ಹಲ್ಲಿಗೆ. ಬೆಂಚಿನ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ತಮ್ಮ ಕಥೆ ಶುರು ಮಾಡಿದರು. ತಮಗೂ ಹದಿನೈದು ದಿನ ಪ್ರಾಣ ಹೋಗುವ ನೋವಿತ್ತಂತೆ. ಯಾರೋ ಬೀಜದ ಹೊಗೆ ಹಾಕಿ ಹಲ್ಲಿನ ಹುಳ ತೆಗೆಯುವವರ ಹತ್ತಿರ ಹೋದರಂತೆ. ಹೊಗೆ ಕುಡಿದು ಉಗಿದರೆ ಬಟ್ಟಲಲ್ಲಿ ಹುಳ ತೇಲಿದವಂತೆ. ಅವತ್ತೇ ನೋವು ಮಾಯ. ಕೇಳುತ್ತಿದ್ದ ಇಬ್ಬರು ಆ ವಿಳಾಸ ಬರೆದುಕೊಂಡು ಎದ್ದೇ ಹೋದರು.

ಡಾಕ್ಟ್ರಮ್ಮ ಅವರನ್ನು ಒಳಗೆ ಕರೆದು, "ಸುಮ್ನ ಒಂದು ಸಲ ಬಾಯಿ ತೋರಸ್ರಿ" ಎಂದರು. ಹಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ಬುಡಕ್ಕೆ ವಸಡಿನಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆ. ತಣ್ಣನೆಯ ಹತ್ತಿ ಮುಟ್ಟಿಸಿದರೆ ಹಲ್ಲಿಗೆ ಪರಿವೆಯೇ ಇಲ್ಲ. ಎಕ್ಸ್‌ರೇ ಫೋಟೋ ತೆಗೆದರೆ ಬೇರಿನ ತುದಿಯಲ್ಲಿ ಕಪ್ಪು.

"ಅಮ್ಮಾರ, ಹುಳ ಗಿಳ ಏನೂ ಇರಲಿಲ್ಲ. ನೋವು ಹೋಗಿದ್ದು ಹಲ್ಲು ವಾಸಿಯಾಗಿ ಅಲ್ಲ. ಒಳಗಿನ ನರ ಸತ್ತದ. ಸತ್ತದ್ದಕ್ಕ ನೋವು ಗೊತ್ತಾಗಂಗಿಲ್ಲ. ಕೀವು ಮಾತ್ರ ಒಳಗ ಎಲುಬು ತಿಂತಿರ್ತದ."

ಯಜಮಾನಿ ಗಲ್ಲಕ್ಕೆ ಕೈಯಿಟ್ಟುಕೊಂಡರು. ಆಮೇಲೆ ಅವರ ಮುಖದಲ್ಲಿ ನಿಜವಾದ ಭಯ ಕಂಡಿತು.

"ಅಯ್ಯೋ ಶಿವನೇ! ಕೇರಿಯಾಗೆ ಯಾರಾದ್ರೂ ಹೋದ್ರೆ ಹೆಣ ಎತ್ತೋ ತನಕ ನಾವು ಒಲೆ ಹಚ್ಚಲ್ಲ. ನಾನು ಬಾಯಾಗೇ ಹೆಣ ಇಟ್ಕಂಡು ತಿಂಗ್ಳಿಂದ ಉಂಡೀನಲ್ರೀ! ಹಬ್ಬದ ಹೋಳಿಗೇನೂ ತಿಂದೀನಿ! ತಗೀರಿ, ಈಗ್ಲೇ ತಗೀರಿ!"

ರೂಟ್ ಕೆನಾಲ್ ಎಂದರೆ ಏನು ಎಂದು ನಾವು ವರ್ಷಗಟ್ಟಲೆ ಎಷ್ಟೋ ಜನಕ್ಕೆ ಚಿತ್ರ ತೋರಿಸಿ ವಿವರಿಸಿದ್ದೇವೆ. ಒಳಗೆ ಸತ್ತದ್ದನ್ನು ತೆಗೆದು, ತೊಳೆದು, ಜಾಗ ಮುಚ್ಚಿ, ಮನೆಯನ್ನು ಉಳಿಸಿಕೊಳ್ಳುವುದು ಎಂದು ಇಷ್ಟು ಬೇಗ ಅರ್ಥ ಮಾಡಿಕೊಂಡವರನ್ನು ನಾನು ಕಂಡಿರಲಿಲ್ಲ. ಒಂದಿಷ್ಟೂ ಕೊಸರಾಡದೆ ಮಾಡಿಸಿಕೊಂಡರು. ಮುಗಿದ ಮೇಲೆ ಬಾಯಿ ಮುಕ್ಕಳಿಸಿ, ಸೆರಗಿನಲ್ಲಿ ಒರೆಸಿಕೊಂಡು, ಡಾಕ್ಟ್ರಮ್ಮನನ್ನು ಬಹಳ ಗಂಭೀರವಾಗಿ ಕೇಳಿದರು:

"ಇದಕ್ಕೆ ಸೂತಕ ಎಷ್ಟು ದಿನಾರೀ?"

ಡಾಕ್ಟ್ರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ. ಮನೆಗೆ ಹೋದವಳೇ ಕನ್ನಡಿಯ ಮುಂದೆ ನಿಂತು ತುಟಿ ಎಳೆದು ನೋಡಿಕೊಂಡೆ. ಗುಳ್ಳೆ ಇತ್ತು. ಮರುದಿನ ಹೇಳೋಣ ಎಂದುಕೊಂಡೆ. ಹಾಗೆ ಅಂದುಕೊಂಡೇ ಮೂರು ವಾರ ಕಳೆಯಿತು.

ಹಿಡಿದದ್ದು ಒಂದು, ತಪ್ಪಿಸಿಕೊಂಡದ್ದು ಇನ್ನೊಂದು

ಹಿರಿಯೂರಿನ ದಿನ. ಜವನಗೊಂಡನಹಳ್ಳಿ ಕಡೆಯ ಕುರಿ ಸಾಕುವ ಅಜ್ಜಿಯೊಬ್ಬಳು ಮಗನನ್ನು ಕರೆದುಕೊಂಡು ಬಂದಿದ್ದಳು. ಮಗ ಎಂದರೆ ನಲವತ್ತು ದಾಟಿದ ಗಂಡಸು, ಬಾಗಿಲು ತುಂಬುವಷ್ಟು ಆಳು, ಮೀಸೆ ಬೇರೆ. ಮುಖ ಊದಿತ್ತು. ಒಳಗೆ ಡಾಕ್ಟ್ರಮ್ಮ ಅವನ ಕೊರಳಿಗೆ ಬಟ್ಟೆ ಕಟ್ಟಿ ಮಲಗಿಸಿ, ಇಂಜೆಕ್ಷನ್ ತೆಗೆದುಕೊಳ್ಳಲು ಒಪ್ಪಿಸುತ್ತಿದ್ದರು. ಅವನು "ಒಂದ್ ನಿಮಿಷ ತಡೀರಿ" ಎನ್ನುತ್ತಿದ್ದ. ಅರ್ಧ ಗಂಟೆಯಿಂದ ಅದೇ ಒಂದು ನಿಮಿಷ.

ಹೊರಗೆ ಅಜ್ಜಿ ಕೋಲನ್ನು ಗೋಡೆಗೊರಗಿಸಿ ಕೂತು, ಮಡಿಲಿಂದ ಹುರಿದ ಕಡ್ಲೆಕಾಯಿ ತೆಗೆದು ನನಗೂ ಒಂದು ಹಿಡಿ ಕೊಟ್ಟಳು. ಬೇಡ ಎಂದರೆ ಕೇಳಲಿಲ್ಲ. ಎರಡು ಕಾಳು ಬಾಯಿಗೆ ಹಾಕಿಕೊಂಡೆ, ಬಲಗಡೆಗೆ.

ಅಜ್ಜಿ ಮಾತು ನಿಲ್ಲಿಸಿ ನನ್ನ ದವಡೆಯನ್ನೇ ನೋಡತೊಡಗಿದಳು.

"ಎಡಕ್ಕೆ ಹಾಕ್ಕಳವ್ವ."

"ಯಾಕಜ್ಜಿ?"

"ಹಾಕ್ಕ, ನೋಡಾಣ."

"ಇದೇ ರೂಢಿ ಅಜ್ಜಿ."

"ಯಾವ ಕುರಿಗೂ ಒಂದೇ ದವಡೆಯಾಗೆ ಮೇಯೋ ರೂಢಿ ಇರಲ್ಲ" ಎಂದಳು. ಆಮೇಲೆ ನಡೆದದ್ದು ನನಗೆ ಸರಿಯಾಗಿ ತಿಳಿಯಲಿಲ್ಲ. ಒಂದು ತೋಳು ಕತ್ತಿನ ಸುತ್ತ ಬಂತು. ತಲೆ ಅಜ್ಜಿಯ ಕಂಕುಳಿಗೆ ಸೇರಿತು. ಬಾಯಿಯ ಮೂಲೆಯಲ್ಲಿ ಎಲ್ಲೋ ಒಂದು ಕಡೆ ಹೆಬ್ಬೆರಳು ಒತ್ತಿತು, ಅಷ್ಟೇ, ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಹದಿನಾಲ್ಕು ವರ್ಷದಿಂದ "ಬಾಯಿ ದೊಡ್ಡದು ಮಾಡ್ರಿ, ಇನ್ನೂ ದೊಡ್ಡದು" ಎಂದು ನಾನು ಜನರನ್ನು ಬೇಡುತ್ತಿದ್ದೆ. ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ.

"ಡಾಕ್ಟ್ರಮ್ಮಾ! ಬರ್ರಿ ಜಲ್ದಿ! ಹಿಡ್ಕಂಡೀನಿ!"

ಡಾಕ್ಟ್ರಮ್ಮ ಕೈಯಲ್ಲಿ ಹಲ್ಲು ನೋಡುವ ಕನ್ನಡಿ ಹಿಡಿದೇ ಓಡಿ ಬಂದರು. ಮೊದಲು ಅಜ್ಜಿಯನ್ನು ನೋಡಿದರು, ಆಮೇಲೆ ಅವಳ ಕಂಕುಳಲ್ಲಿದ್ದ ನನ್ನನ್ನು ನೋಡಿ ನಗತೊಡಗಿದರು, ಆಮೇಲೆ ಬಾಯಿಯನ್ನು ನೋಡಿದರು. ಅವರ ಮುಖದ ನಗು ಹೋಯಿತು.

"ಎಷ್ಟು ತಿಂಗಳಾತು?"

ಅಜ್ಜಿ ಕೈ ಸಡಿಲಿಸಿದಳು. ನಾನು ಎಂಟು ಎಂದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ, "ನನ್ನ ಪಕ್ಕದಾಗ ಕುಂತಕೊಂಡು ಎಂಟು ತಿಂಗಳು ಒಬ್ಬಾಕೀನೇ ನೋವು ತಿಂದಿ" ಎಂದರು. ಅದಕ್ಕೇ ನನಗೆ ಅಳು ಬಂತು. "ಹೆದ್ರಿಕೆ ಆತ್ರೀ ಡಾಕ್ಟ್ರಮ್ಮ" ಎಂದು ಚಿಕ್ಕ ಮಗುವಿನ ಹಾಗೆ ಅತ್ತೆ.

"ಈ ಎರಡು ಮಾತು ಹೇಳಾಕೆ ಎಂಟು ತಿಂಗ್ಳು ಬೇಕಾತೇನೇ ತಾಯಿ?" ಎಂದು ಅಜ್ಜಿ ನನ್ನ ಕಣ್ಣೊರೆಸಿದಳು.

ಫೋಟೋ ತೆಗೆದರು. ಇನ್ನೂ ಸ್ವಲ್ಪ ದಿನ ಬಿಟ್ಟಿದ್ದರೆ ಹಲ್ಲು ಕೀಳುವುದೊಂದೇ ದಾರಿ ಇರುತ್ತಿತ್ತಂತೆ. ಈಗ ಉಳಿಸಬಹುದು ಎಂದರು. ಕುರ್ಚಿ ಖಾಲಿಯಿತ್ತು, ಯಾಕೆ ಖಾಲಿ ಎಂದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ, ನಾನು ಮಲಗಿದೆ. ಆ ದೀಪವನ್ನು ಕೆಳಗಿನಿಂದ ನೋಡಿದ್ದು ಅದೇ ಮೊದಲು. ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡಳು, ಅಪ್ಪಿತಪ್ಪಿಯೂ ಎದ್ದು ಓಡದ ಹಾಗೆ. ಇಂಜೆಕ್ಷನ್ ಚುಚ್ಚಿದ್ದು ಒಂದು ಚಿವುಟಿದಷ್ಟು. ಆಮೇಲೆ ಕಾದೆ, ನೋವು ಈಗ ಬರುತ್ತದೆ, ಈಗ ಬರುತ್ತದೆ ಎಂದು ಉಸಿರು ಬಿಗಿಹಿಡಿದು ಕಾದೆ. ಡಾಕ್ಟ್ರಮ್ಮ "ಇವತ್ತಿಂದು ಆತು, ಏಳು" ಎಂದರು. ನೋವು ಬಂದಿರಲೇ ಇಲ್ಲ.

ಎಂಟು ತಿಂಗಳು ನಾನು ಹೆದರಿದ್ದು ಯಾವುದಕ್ಕೆ ಎಂದು ಕುರ್ಚಿಯಲ್ಲಿ ಕೂತು ಯೋಚಿಸುತ್ತಿದ್ದೆ. ಆಗ ಡಾಕ್ಟ್ರಮ್ಮ, "ಅಜ್ಜಿ, ನಿಮ್ಮ ಮಗ ಎಲ್ಲಿ?" ಎಂದರು.

ನಾವು ಮೂವರೂ ಸುತ್ತ ನೋಡಿದೆವು. ನನ್ನ ಗಲಾಟೆಯಲ್ಲಿ ಮಗ ಎದ್ದು ಹೋಗಿದ್ದ. ಕೊರಳಿಗೆ ಕಟ್ಟಿದ ಬಟ್ಟೆಯೂ ಅವನ ಜೊತೆಗೇ ಹೋಗಿತ್ತು.

"ನೋಡು, ಒಂದನ್ನ ಹಿಡಿಯೋ ಹೊತ್ತಿಗೆ ಇನ್ನೊಂದು ತಪ್ಪಿಸ್ಕಂತು" ಎಂದು ಅಜ್ಜಿ ಕೋಲು ತೆಗೆದುಕೊಂಡಳು. "ನೀವು ಎಲ್ಲಾ ರೆಡಿ ಮಾಡ್ಕಂಡಿರ್ರಿ. ಹೊಡ್ಕಂಬರ್ತೀನಿ."

ಇಪ್ಪತ್ತು ನಿಮಿಷಕ್ಕೆ ಹೊಡೆದುಕೊಂಡೇ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕನಂತೆ. ಬಾಗಿಲಲ್ಲಿ ನಿಂತವನ ಮೀಸೆ ನಡುಗುತ್ತಿತ್ತು. ನನಗೆ ಅವನ ಮೇಲೆ ತುಂಬಾ ಕರುಣೆ ಬಂತು. ಈ ಕೆಲಸಕ್ಕೆ ಸೇರಿದಂದಿನಿಂದ ಎಲ್ಲರಿಗೂ ನೋವಾಗಲ್ಲ, ನೋವಾಗಲ್ಲ ಎಂದು ಬರೀ ಬಾಯಿಮಾತಿಗೆ ಹೇಳಿದವಳು ನಾನು. ಇವತ್ತು ಮೊದಲ ಸಲ, ಅನುಭವಿಸಿ, ಎದೆ ಮುಟ್ಟಿಕೊಂಡು ಹೇಳಬಹುದಿತ್ತು. ಅವನ ಹತ್ತಿರ ಹೋಗಿ, ಮುಖ ತುಂಬಾ ನಕ್ಕು, ಹೇಳಿದೆ: "ಅಣ್ಣಾ, ಒಂಚೂರೂ ನೋವಾಗಲ್ಲ. ನನ್ನ ನೋಡ್ರಿ, ಈಗ ತಾನೇ ಮಾಡಿಸ್ಕಂಡೆ."

ಅವನು ನನ್ನನ್ನು ನೋಡಿದ. ಇಂಜೆಕ್ಷನ್ನಿಗೆ ಮುಖದ ಎಡಭಾಗ ಮರಗಟ್ಟಿರುವುದನ್ನು ನಾನು ಮರೆತಿದ್ದೆ. ನಕ್ಕಿದ್ದು ಅರ್ಧ ಬಾಯಿ ಮಾತ್ರ. ಇನ್ನರ್ಧ ಜೋತುಬಿದ್ದಿತ್ತು, ಅದರ ಮೂಲೆಯಿಂದ ಎಂಜಲು ಗಲ್ಲದ ಮೇಲೆ ಇಳಿಯುತ್ತಿತ್ತು. ಹೇಳಿದ ಮಾತಿನಲ್ಲಿ ಹೊರಗೆ ಬಂದದ್ದು ಬರೀ "ನೋ... ನೋ... ನೋ..."

ಮೂರೇ ನೆಗೆತಕ್ಕೆ ಅವನು ರಸ್ತೆಯಲ್ಲಿದ್ದ.

ಅಜ್ಜಿ ಕೆಳಗಿಟ್ಟ ಕೋಲನ್ನು ಮತ್ತೆ ಎತ್ತಿಕೊಂಡಳು. ಮೆಟ್ಟಿಲಿಳಿಯುವ ಮೊದಲು ತಿರುಗಿ, ಬಹಳ ಪ್ರೀತಿಯಿಂದಲೇ ಹೇಳಿದಳು: "ನಾನು ಬರೋ ಹೊತ್ತಿಗೆ ನೀನು ಒಳಗೆ ಹೋಗಿ ಬಾಗ್ಲು ಹಾಕ್ಕಂಡಿರವ್ವ."